ಹಿಂತಿರುಗದ ಪುಟಗಳು: ಪಿನ್ ಆದ ಮೆಮೊರಿಯ ಲೆಕ್ಕ ಹಿಡಿದ ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಬಿಡಿಭಾಗಗಳನ್ನು ಕ್ಯಾಮೆರಾದಿಂದ ತಪಾಸಣೆ ಮಾಡುವ ಲಿನಕ್ಸ್ ಯಂತ್ರವೊಂದನ್ನು ನಾನು ನೋಡಿಕೊಳ್ಳುತ್ತೇನೆ. "ಸರ, ಮುಂಜಾನೆ ಚಲೋ ಇರತೈತ್ರಿ, ರಾತ್ರಿ ಪಾಳಿ ಬರೂದ್ರಾಗ ಮೆಮೊರಿನ ಉಳಿದಿರಂಗಿಲ್ಲ" ಎಂದು ಅಲ್ಲಿನ ಆಪರೇಟರ್ ಹೇಳಿದಾಗ, ಯಾವ ಪ್ರೋಗ್ರಾಮ್ ಮೆಮೊರಿ ತಿನ್ನುತ್ತಿದೆ ಎಂದು ಮೊದಲು ನೋಡಿದೆ. ಯಾವುದೂ ಅಷ್ಟು ತಿಂದಿರಲಿಲ್ಲ. ತಪಾಸಣೆಯ ಪ್ರೋಗ್ರಾಮನ್ನು ಪೂರ್ತಿ ನಿಲ್ಲಿಸಿದರೂ ಹೋದ ಮೆಮೊರಿ ಮರಳಲಿಲ್ಲ.

ಕ್ಯಾಮೆರಾದ ಕಾರ್ಡು ಪ್ರೊಸೆಸರಿನ ನೆರವಿಲ್ಲದೆ ನೇರವಾಗಿ ಮೆಮೊರಿಗೆ ಚಿತ್ರ ಬರೆಯುತ್ತದೆ, ಇದೇ ಡಿಎಂಎ. ಮೆಮೊರಿಯನ್ನು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಪುಟಗಳೆಂಬ ಸಣ್ಣ ತುಂಡುಗಳಾಗಿ ಹಂಚುತ್ತದೆ. ಬರೆಯುವ ಹೊತ್ತಿನಲ್ಲಿ ಆ ಪುಟಗಳನ್ನು ಅದು ಬೇರೆಡೆಗೆ ಸರಿಸಬಾರದು, ಡಿಸ್ಕಿನಲ್ಲಿರುವ ಸ್ವಾಪ್‌ಗೂ ಕಳಿಸಬಾರದು. ಅದಕ್ಕಾಗಿ ಕಾರ್ಡನ್ನು ನಡೆಸುವ ಡ್ರೈವರ್ ಅವನ್ನು ಪಿನ್ ಮಾಡುತ್ತದೆ, ಅಂದರೆ ಇದ್ದಲ್ಲೇ ಹಿಡಿದಿಡುತ್ತದೆ. ಈ ಕೆಲಸಕ್ಕೆಂದೇ 'ಪಿನ್ ಯೂಸರ್ ಪೇಜಸ್' ಎಂಬ ಪ್ರತ್ಯೇಕ ಕರೆ ಬಂದದ್ದು 2020ರಲ್ಲಿ, ಕರ್ನಲ್‌ನ 5.6ನೇ ಆವೃತ್ತಿಯಲ್ಲಿ, ಅದರ ಎಣಿಕೆ ಸೇರಿದ್ದು 5.7ರಲ್ಲಿ. ಸಣ್ಣ ಪುಟವೊಂದನ್ನು ಒಮ್ಮೆ ಪಿನ್ ಮಾಡಿದರೆ ಅದರ ರೆಫರೆನ್ಸ್ ಎಣಿಕೆ (ಅದನ್ನು ಎಷ್ಟು ಕಡೆ ಹಿಡಿದುಕೊಂಡಿದ್ದಾರೆ ಎಂಬ ಲೆಕ್ಕ) 1024ರಷ್ಟು ಏರುತ್ತದೆ. ಸಾಮಾನ್ಯ ರೆಫರೆನ್ಸ್‌ಗಳೇ ಅಷ್ಟು ಸೇರಿದರೂ ಅಂಕಿ ಹಾಗೆಯೇ ಕಾಣುವುದರಿಂದ, ಪುಟ ಪಿನ್ ಆಗಿರಬಹುದು ಎಂದಷ್ಟೇ ಕರ್ನಲ್ ಹೇಳಬಲ್ಲದು. ಪಿನ್ ಮಾಡಿದವರು ಯಾರು ಎಂಬುದು ಆ ಅಂಕಿಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಪ್ರೊಸೆಸ್‌ನ ಸ್ಟೇಟಸ್ ಫೈಲಿನಲ್ಲಿರುವ 'ವಿಎಂ ಪಿನ್' ಸಾಲು ಇಲ್ಲಿ ಸೊನ್ನೆಯನ್ನೇ ತೋರಿಸುತ್ತಿತ್ತು, ಏಕೆಂದರೆ ಡ್ರೈವರ್ ತಾನಾಗಿ ಲೆಕ್ಕ ಒಪ್ಪಿಸಿದರೆ ಮಾತ್ರ ಅದು ತುಂಬುತ್ತದೆ. ನಿಜವಾದ ಸುಳಿವು ಸಿಕ್ಕಿದ್ದು 'ವಿಎಂಸ್ಟ್ಯಾಟ್' ಫೈಲಿನಲ್ಲಿ. ಯಂತ್ರ ಶುರುವಾದಂದಿನಿಂದ ಎಷ್ಟು ಪಿನ್ ಆದವು, ಎಷ್ಟು ಬಿಡುಗಡೆಯಾದವು ಎಂಬ ಎರಡು ಎಣಿಕೆಗಳು ಅಲ್ಲಿರುತ್ತವೆ; ದೀರ್ಘಕಾಲ ಪಿನ್ ಹಿಡಿದವರು ಯಾರೂ ಇಲ್ಲದಿದ್ದರೆ ಅವೆರಡೂ ಸಮನಾಗಬೇಕು. ನಮ್ಮಲ್ಲಿ ವ್ಯತ್ಯಾಸ ಬೆಳೆಯುತ್ತಲೇ ಇತ್ತು, ಅದೂ ಸದಾ 1224ರ ಮಡಿಯಲ್ಲಿ. ನಮ್ಮ ಕ್ಯಾಮೆರಾದ ಚಿತ್ರ 2448 ಗುಣಿಸು 2048 ಬಿಂದುಗಳದ್ದು, ಬಿಂದುವಿಗೊಂದು ಬೈಟ್; ಅದನ್ನು 4096 ಬೈಟಿನ ಪುಟಗಳಾಗಿ ಭಾಗಿಸಿದರೆ ಸರಿಯಾಗಿ 1224 ಬರುತ್ತದೆ. ದೊಡ್ಡ ಪುಟಗಳು ನಡುವೆ ಬಂದರೂ ಈ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಅವುಗಳೊಳಗಿನ ಪ್ರತಿ ಸಣ್ಣ ಪುಟವನ್ನೂ ಬೇರೆಯಾಗಿಯೇ ಎಣಿಸಲಾಗುತ್ತದೆ. ಅಂದಮೇಲೆ ಸೋರುತ್ತಿದ್ದದ್ದು ಬಿಡಿ ಪುಟಗಳಲ್ಲ, ಇಡಿಯ ಚಿತ್ರಗಳು. ಅರ್ಧಂಬರ್ಧ ಪಿನ್ ಆಗಿ ಉಳಿದವುಗಳ ಸಂದೇಹ ಅಲ್ಲಿಗೇ ಬಿಟ್ಟುಹೋಯಿತು.

ಯಾವ ಚಿತ್ರ, ಯಾವ ದಾರಿಯಲ್ಲಿ ಎಂದು ತಿಳಿಯಲು ಕರ್ನಲ್ ಒಳಗಿನ ಕರೆಗಳನ್ನು ಗಮನಿಸುವ 'ಬಿಪಿಎಫ್‌ಟ್ರೇಸ್' ಎಂಬ ಉಪಕರಣ ಬಳಸಿ ಒಂದು ಖಾತೆ ಪುಸ್ತಕವನ್ನೇ ಇಟ್ಟೆ. ಪಿನ್ ಮಾಡುವ ಕರೆ ಹಿಂತಿರುಗುವಾಗ ಕೊಡುವ ಪುಟಗಳ ಸಂಖ್ಯೆಯನ್ನು, ಆ ಹೊತ್ತಿನ ಕರ್ನಲ್ ಸ್ಟ್ಯಾಕ್ (ಯಾವ ಯಾವ ಕರೆಗಳ ಮೂಲಕ ಅಲ್ಲಿಗೆ ಬಂದಿತೆಂಬ ಸರಣಿ) ಸಮೇತ ಬರೆದುಕೊಳ್ಳುವುದು. ಬಿಡುಗಡೆಯ ಕರೆ ಬಂದಾಗ ಆ ನಮೂದನ್ನು ಅಳಿಸುವುದು. ಕೇಳಿದ ಸಂಖ್ಯೆಯನ್ನಲ್ಲ, ಹಿಂತಿರುಗಿದ ಸಂಖ್ಯೆಯನ್ನೇ ಬರೆಯಬೇಕು, ಏಕೆಂದರೆ ಕರ್ನಲ್ ಕೇಳಿದ್ದಕ್ಕಿಂತ ಕಡಿಮೆ ಪುಟಗಳನ್ನು ಪಿನ್ ಮಾಡಿ ಮರಳಬಹುದು. ಪ್ರೊಸೆಸ್ ಸಂಖ್ಯೆಯನ್ನು ನಮೂದು ಹುಡುಕುವ ಕೀಲಿಯಾಗಿ ಇಟ್ಟರೆ ಈ ಖಾತೆ ಹೊಂದುವುದಿಲ್ಲ: ಪಿನ್ ಮಾಡುವುದು ನಮ್ಮ ಪ್ರೋಗ್ರಾಮಿನ ಹೆಸರಿನಲ್ಲಿ, ಬಿಡುಗಡೆ ಮಾಡುವುದು ಕರ್ನಲ್‌ನ ಕೆಲಸದ ಥ್ರೆಡ್ಡಿನಲ್ಲಿ. ಎರಡೂ ಕಡೆ ಒಂದೇ ಆಗಿರುವುದು ಪುಟಗಳ ಪಟ್ಟಿಯ ವಿಳಾಸ, ಹಾಗಾಗಿ ಅದನ್ನೇ ಕೀಲಿ ಮಾಡಿದೆ. ಇದರಲ್ಲೂ ಒಂದು ಸೂಕ್ಷ್ಮವಿದೆ. ಡ್ರೈವರ್ ಪುಟಗಳನ್ನು ಬಿಡದೆ ಪಟ್ಟಿಯನ್ನು ಮಾತ್ರ ಅಳಿಸಿದರೆ, ಅದೇ ವಿಳಾಸ ಮುಂದಿನ ಪಟ್ಟಿಗೆ ಸಿಕ್ಕು ಹಳೆಯ ನಮೂದು ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಆದ್ದರಿಂದ ಬರೆಯುವ ಮುನ್ನ ಆ ಕೀಲಿ ಈಗಾಗಲೇ ಇದೆಯೇ ಎಂದು ನೋಡಿ, ಇದ್ದರೆ ಹಳೆಯ ಸ್ಟ್ಯಾಕನ್ನು ಮುದ್ರಿಸುವಂತೆ ಮಾಡಿದೆ. ಈ ಒಂದು ಸಾಲೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮುದ್ರಣವಾದ ಸಮಯಗಳನ್ನು ಪ್ರೋಗ್ರಾಮಿನ ಲಾಗ್ ಜೊತೆ ಹೊಂದಿಸಿ ನೋಡಿದಾಗ, ಹಾಗೆ ಬಾಕಿ ಉಳಿದ ಪ್ರತಿ ಚಿತ್ರವೂ ಟೈಮ್‌ಔಟ್ ಆದ ಚಿತ್ರವೇ ಆಗಿತ್ತು. ಬೆಲ್ಟ್ ಖಾಲಿ ಓಡಿದಾಗ ಸೆನ್ಸರಿನ ಸಂಕೇತ ಬರುವುದಿಲ್ಲ, ಕೋರಿಕೆ ರದ್ದಾಗುತ್ತದೆ. ಡ್ರೈವರಿನ ಆ ದಾರಿಯಲ್ಲಿ ಬಿಡುಗಡೆಯ ಕರೆಯೇ ಇರಲಿಲ್ಲ.

ಅಲ್ಲಿ ಒಂದು ಕರೆ ಸೇರಿಸಿದರೆ ಮುಗಿಯಿತು ಎಂದುಕೊಳ್ಳುವುದು ಅಪಾಯ. ಕಾರ್ಡು ಇನ್ನೂ ಬರೆಯುತ್ತಿರುವಾಗಲೇ ಪುಟ ಬಿಟ್ಟುಕೊಟ್ಟರೆ, ಅದು ಬೇರೆ ಯಾರದೋ ಕೈಗೆ ಹೋದ ಮೇಲೆ ಅದರ ಮೇಲೆ ಚಿತ್ರ ಬಂದು ಬೀಳುತ್ತದೆ, ಇದು ಸೋರಿಕೆಗಿಂತ ಎಷ್ಟೋ ಕೆಟ್ಟದ್ದು. ಆದ್ದರಿಂದ ಮೊದಲು ಕಾರ್ಡಿನ ಡಿಎಂಎ ನಿಂತಿದೆಯೆಂದು ಖಾತ್ರಿಪಡಿಸಿ, ಬಳಿಕ ಆ ಪುಟಗಳಿಗೆ ಕಾರ್ಡಿಗಿದ್ದ ದಾರಿಯನ್ನು, ಅಂದರೆ ಮ್ಯಾಪಿಂಗನ್ನು, ತೆಗೆದು, ಕೊನೆಗೆ ಪುಟಗಳನ್ನು ಡರ್ಟಿ (ಒಳಗಿನದು ಬದಲಾಗಿದೆ) ಎಂದು ಗುರುತಿಸಿ ಬಿಡುಗಡೆ ಮಾಡುವ ಕ್ರಮ ಇಟ್ಟೆ.

ಈಗ ಕರ್ನಲ್ ಅಥವಾ ಡ್ರೈವರ್ ಬದಲಾದಾಗಲೆಲ್ಲ ಸೆನ್ಸರಿನ ತಂತಿ ಕಳಚಿ ಬೆಲ್ಟನ್ನು ಕೆಲಹೊತ್ತು ಖಾಲಿ ಓಡಿಸುತ್ತೇನೆ, ಪ್ರೋಗ್ರಾಮನ್ನು ಬಲವಂತವಾಗಿ ಕೊಲ್ಲುತ್ತೇನೆ, ಆಮೇಲೆ ಆ ಎರಡು ಎಣಿಕೆಗಳ ವ್ಯತ್ಯಾಸ ಪರೀಕ್ಷೆಗೆ ಮುಂಚೆ ಇದ್ದಷ್ಟೇ ಇದೆಯೇ ಎಂದು ನೋಡುತ್ತೇನೆ. ಅದೇ ಯಂತ್ರದಲ್ಲಿ ಪಿಸಿಐ ಕಾರ್ಡನ್ನು ನೇರವಾಗಿ ಪಡೆದ ವರ್ಚುವಲ್ ಮಷಿನ್ ಓಡುತ್ತಿದ್ದರೆ ಅದರ ಪಿನ್‌ಗಳೂ ಲೆಕ್ಕದಲ್ಲಿ ಸೇರಿರುತ್ತವೆ, ಹಾಗಾಗಿ ಮುಂಚಿನ ವ್ಯತ್ಯಾಸವನ್ನು ಬರೆದಿಟ್ಟುಕೊಂಡೇ ಪರೀಕ್ಷೆ ಶುರು ಮಾಡಬೇಕು.