ಮಷೀನ್ ಕೇಳದೆ ಗ್ರಾಂಟ್ ತಂದಿದ್ದು: ನನ್ನ ಅನುಭವ

ಹೋದ ವರ್ಷ ಮಾರ್ಚ್ ಕೊನೇ ವಾರ, ಸ್ಕ್ರಬ್ ಟೈಫಸ್ (ನುಸಿಯ ಮರಿ ಕಚ್ಚಿ ಬರೋ ಜ್ವರ) ಮೇಲಿನ ನಮ್ಮ ಸಂಶೋಧನೆಗೆ ಗ್ರಾಂಟ್ ಮಂಜೂರಾದ ಲೆಟರ್ ಬಂತು. ಮೂರು ವರ್ಷಕ್ಕೆ 41 ಲಕ್ಷ ಚಿಲ್ಲರೆ, ಎಕ್ವಿಪ್‌ಮೆಂಟ್ ಹೆಡ್ಡಲ್ಲಿ, ಅಂದ್ರೆ ಮಷೀನ್ ಕೊಳ್ಳೋ ಲೆಕ್ಕದಲ್ಲಿ, ಸೊನ್ನೆ. ಪ್ರಪೋಸಲ್ ಹಾಕೋವಾಗ ಈ ಸೊನ್ನೆ ನೋಡಿ ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಬ್ಬರೂ ಒಪ್ಪಿರಲಿಲ್ಲ. "ಗ್ರಾಂಟ್ ಅಂದ್ರೆ ಕಾಲೇಜಿಗೆ ಒಂದು ಮಷೀನ್ ಬರ್ಬೇಕು ಕಣ್ರೀ, ಬರೀ ಸಂಬಳ ಪೆಟ್ರೋಲ್ ಅಂತ ಕೇಳಿದ್ರೆ ಕಮಿಟಿ ಎರಡನೇ ಪುಟ ತಿರುಗಿಸಲ್ಲ" ಅಂದ್ರು ಎಚ್‌ಒಡಿ ಸರ್. ತಿರುಗಿಸಿದ್ರು, ಅದೂ ಬಜೆಟ್‌ನಲ್ಲಿ ಒಂದು ರೂಪಾಯಿ ಕಟ್ ಮಾಡದೆ. ನಮ್ಮ ಕಾಲೇಜಲ್ಲಿ ಕೇಂದ್ರ ಸರ್ಕಾರದ ದುಡ್ಡು ಇಷ್ಟು ದೊಡ್ಡದಾಗಿ ಬಂದಿದ್ದು ಇದೇ ಮೊದಲು, ಅದಕ್ಕೆ ಬರೀತಿದೀನಿ. ನಾನು ಮಲೆನಾಡಿನ ಕಡೆಯ ಒಂದು ಮೆಡಿಕಲ್ ಕಾಲೇಜಲ್ಲಿ ಮೈಕ್ರೋಬಯಾಲಜಿ. ಏಜೆನ್ಸಿ ಹೆಸರು, ಕಾಲೇಜ್ ಹೆಸರು ಎರಡೂ ಹಾಕಲ್ಲ.

ಮೊದಲು ಬಿದ್ದ ಕಥೆ ಹೇಳ್ಬೇಕು, ಯಾಕಂದ್ರೆ ಕಲಿತಿದ್ದೆಲ್ಲ ಅಲ್ಲೇ.

2017ರಲ್ಲಿ ಮಂಗನ ಕಾಯಿಲೆ ಮೇಲೆ ಹಾಕ್ದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾದ ಕಾಯಿಲೆ, ಇಂಗ್ಲಿಷಲ್ಲಿ ನಮ್ಮ ಕಡೆಯ ಆ ಕಾಡಿನ ಹೆಸರೇ ಅದಕ್ಕಿರೋದು, ನಮಗಲ್ಲದೆ ಇನ್ಯಾರಿಗೆ ಕೊಡ್ತಾರೆ ಅಂತ ನಂಬಿದ್ದೆ. ರಿಯಲ್ ಟೈಮ್ ಪಿಸಿಆರ್ (ಸ್ಯಾಂಪಲಲ್ಲಿ ರೋಗಾಣುವಿನ ಜೀನ್ ಹುಡುಕೋ ಮಷೀನ್) 14 ಲಕ್ಷ, ಮೈನಸ್ 80 ಡಿಗ್ರಿ ಫ್ರೀಜರ್ 6 ಲಕ್ಷ, ಸೇಫ್ಟಿ ಕ್ಯಾಬಿನೆಟ್ ಮೂರೋ ನಾಲ್ಕೋ ಲಕ್ಷ, ಅಂತೂ ಕೇಳಿದ ದುಡ್ಡಲ್ಲಿ ಅರ್ಧ ಮಷೀನಿಗೇ ಹೋಗಿತ್ತು. ವೈರಸ್ ಐಸೊಲೇಷನ್ (ಲ್ಯಾಬಲ್ಲಿ ವೈರಸ್ ಬೆಳೆಸಿ ಬೇರ್ಪಡಿಸೋದು) ಅಂತ ಬೇರೆ ಒಂದು ಆಬ್ಜೆಕ್ಟಿವ್ ಸೇರಿಸಿದ್ದೆ. ಬಿಎಸ್‌ಎಲ್-3 (ಅಪಾಯದ ರೋಗಾಣುಗಳಿಗಂತಲೇ ಇರೋ ಭದ್ರ ಲ್ಯಾಬ್) ಇಲ್ಲದ ಜಾಗದಲ್ಲಿ ಈ ವೈರಸ್ ಯಾರು ಮುಟ್ತಾರೆ ಅಂತ ಎರಡೇ ಸಾಲಲ್ಲಿ ವಾಪಸ್ ಬಂತು. ಸರಿಯಾಗೇ ಹೇಳಿದ್ರು. ನಾನು ಆಗ ಎರಡು ತಿಂಗಳು ಸಿಟ್ಟಲ್ಲಿದ್ದೆ, ಈಗ ಆ ಪ್ರಪೋಸಲ್ ತೆಗೆದು ಓದಿದ್ರೆ ನಾನೇ ರಿಜೆಕ್ಟ್ ಮಾಡ್ತೀನಿ.

2019ರಲ್ಲಿ ಇನ್ನೊಂದು ಕಡೆ. ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ ಎಲ್ಲಾ ಜ್ವರನೂ ಒಂದೇ ಪ್ಯಾನಲ್‌ನಲ್ಲಿ ನೋಡ್ತೀನಿ ಅಂತ ಬರೆದಿದ್ದೆ. ಪ್ರಿಲಿಮಿನರಿ ಡೇಟಾ, ಅಂದ್ರೆ ಮೊದಲೇ ಸಣ್ಣದಾಗಿ ಮಾಡಿ ನೋಡಿದ ಫಲಿತಾಂಶ ಎಲ್ಲಿ ಅಂದ್ರು. ಇರಲಿಲ್ಲ.

ಮೂರನೇದು ಸಿಕ್ತು, ಆದ್ರೆ ಅದೇ ಜಾಸ್ತಿ ನೋವು ಕೊಟ್ಟಿದ್ದು. ಸಣ್ಣ ಗ್ರಾಂಟ್, 6 ಲಕ್ಷದ ಆಸುಪಾಸು, ಅದರಲ್ಲಿ ಫ್ರೀಜರ್ ಒಂದೇ ಐದೂವರೆ ಲಕ್ಷ. ಕೊಟೇಶನ್ ತಗೊಂಡಾಗ ರಿಸರ್ಚ್ ಸಂಸ್ಥೆಗಳಿಗೆ 5% ಜಿಎಸ್‌ಟಿ ರಿಯಾಯ್ತಿ ಇತ್ತು, ಅದೇ ಲೆಕ್ಕದಲ್ಲಿ ಬಜೆಟ್ ಬರೆದೆ. ದುಡ್ಡು ಬಂದು, ಪರ್ಚೇಸ್ ಕಮಿಟಿ ಕೂತು, ಫೈಲು ಮೂರು ಟೇಬಲ್ ದಾಟೋದ್ರಲ್ಲಿ 2022ರ ಜುಲೈ ಆಯ್ತು, ಆ ತಿಂಗಳು 18ನೇ ತಾರೀಕಿಂದ ರಿಯಾಯ್ತಿ ರದ್ದು, ಸೀದಾ 18%. ಎಪ್ಪತ್ತು ಸಾವಿರದಷ್ಟು ಕಮ್ಮಿ ಬಿತ್ತು. ದುಡ್ಡನ್ನ ಬೇರೆ ಹೆಡ್ಡಿಗೆ ಹಾಕೋಕೆ ಪರ್ಮಿಷನ್ ಕೇಳಿ ಬರೆದ ಲೆಟರಿಗೆ ಉತ್ತರ ಬರೋ ಹೊತ್ತಿಗೆ ಪ್ರಾಜೆಕ್ಟ್ ಅವಧಿ ಮುಗಿದಿತ್ತು. ದುಡ್ಡು ಬ್ಯಾಂಕಲ್ಲಿ ಕೂತು ಹುಟ್ಟಿಸಿದ ಬಡ್ಡಿ ಸಮೇತ ವಾಪಸ್ ಕಟ್ಟಿದ್ವಿ. ಆ ಡಿಡಿ ತಗೊಂಡು ಬ್ಯಾಂಕಿಂದ ಹೊರಗೆ ಬಂದಾಗ ಇನ್ನು ಮಷೀನ್ ಅನ್ನೋ ಪದನೇ ಪ್ರಪೋಸಲಲ್ಲಿ ಬರೆಯಲ್ಲ ಅಂತ ನಿರ್ಧಾರ ಮಾಡಿದ್ದು.

ಅಷ್ಟೊತ್ತಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಕೋವಿಡ್ ಟೈಮಲ್ಲಿ ಜಿಲ್ಲೆ ಜಿಲ್ಲೆಗೂ ಆರ್‌ಟಿಪಿಸಿಆರ್ ಲ್ಯಾಬ್ ಬಂತಲ್ಲ, 2022ರ ನಂತರ ಆ ಮಷೀನ್‌ಗಳಿಗೆ ಕೆಲಸ ಕಮ್ಮಿ ಆಯ್ತು. ನಮ್ಮಲ್ಲೂ ಎರಡು ಕವರ್ ಹಾಕ್ಕೊಂಡು ಕೂತಿದ್ವು, ಜೊತೆಗೆ ಫ್ರೀಜರ್, ಕ್ಯಾಬಿನೆಟ್ ಎಲ್ಲ. ಐದು ವರ್ಷದ ಹಿಂದೆ ನಾನು ಯಾವುದಕ್ಕೆ ಅತ್ತಿದ್ನೋ ಅದೆಲ್ಲ ಪಕ್ಕದ ರೂಮಲ್ಲೇ ಇತ್ತು. ಇಲ್ಲದೇ ಇದ್ದಿದ್ದು ಸ್ಯಾಂಪಲ್ ತರೋ ಜನ.

ಹಾಗಾಗಿ ಸ್ಕ್ರಬ್ ಟೈಫಸ್ ಒಂದನ್ನೇ ಹಿಡಿದೆ. ನಟ್ಟಿ ಮುಗಿದ ಮೇಲೆ, ಆಗಸ್ಟಿಂದ ಡಿಸೆಂಬರ್‌ವರೆಗೆ ನಮ್ಮಲ್ಲಿ ಜ್ವರ ಅಂತ ಬರೋರಲ್ಲಿ ಇದು ಎಷ್ಟಿದೆ ಅಂತ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮಟ್ಟದಲ್ಲಿ ಲೆಕ್ಕನೇ ಇಲ್ಲ. ಡಾಕ್ಸಿಸೈಕ್ಲಿನ್ ಕೊಟ್ರೆ ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತೆ, ಕೊಡದೆ ಹೋದ್ರೆ ಕೆಲವರು ಒಂದು ವಾರಕ್ಕೆ ಐಸಿಯುಗೆ ಬರ್ತಾರೆ. ನಾನು ಆ ಐಸಿಯು ರಿಪೋರ್ಟ್‌ಗಳಿಗೆ ಸೈನ್ ಹಾಕೋನು, ಮೂವತ್ತು ದಾಟದ ಹೆಂಗಸರ ರಿಪೋರ್ಟ್‌ಗೂ ಹಾಕಿದೀನಿ. ಇದು ನನಗೆ ಬರೀ ಪೇಪರ್ ವಿಷಯ ಅಲ್ಲ.

ಪ್ರಿಲಿಮಿನರಿ ಡೇಟಾ ಇಲ್ಲ ಅಂದಿದ್ರಲ್ಲ, ಅದನ್ನ ಐಸಿಎಂಆರ್ ಎಸ್‌ಟಿಎಸ್ (ವಿದ್ಯಾರ್ಥಿಗಳ ಸಣ್ಣ ಸಂಶೋಧನೆಗೆ ಕೊಡೋ ಸ್ಟೈಪೆಂಡ್) ಸಿಕ್ಕಿದ ಒಬ್ಬ ಎಂಬಿಬಿಎಸ್ ಹುಡುಗನ ಜೊತೆ ಮಾಡ್ಕೊಂಡೆ. ಎರಡು ತಿಂಗಳು. ಸ್ಟೈಪೆಂಡ್ ಹುಡುಗನಿಗೆ ಬರುತ್ತೆ, ಕಿಟ್ಟಿಗೆ ಏನೂ ಇಲ್ಲ, ಐಜಿಎಂ ಎಲೈಸಾ ಕಿಟ್ಟು (ರಕ್ತದಲ್ಲಿ ರೋಗದ ವಿರುದ್ಧದ ಪ್ರತಿಕಾಯ ಹುಡುಕೋ ಟೆಸ್ಟ್), ಪಿಸಿಆರ್‌ಗೆ ಬೇಕಾದ ಪ್ರೈಮರ್, ಬೈಕ್ ಪೆಟ್ರೋಲ್ ಎಲ್ಲ ಸೇರಿ ನನ್ನ ಕೈಯಿಂದ 75 ಸಾವಿರ ಹೋಯ್ತು. ಮನೇಲಿ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ. ಎಲೈಸಾಗೆ 0.5 ಓಡಿ ಕಟ್‌ಆಫ್ (ಬಣ್ಣದ ಅಳತೆ ಇಷ್ಟು ದಾಟಿದ್ರೆ ಪಾಸಿಟಿವ್) ಅಂತ ಸುಮಾರು ಜನ ಕಣ್ಮುಚ್ಕೊಂಡು ಹಾಕ್ತಾರೆ, ನಾನು ಮೊದಲು ನಮ್ಮ ಬ್ಲಡ್ ಬ್ಯಾಂಕಿನ ಆರೋಗ್ಯವಂತ ಡೋನರ್‌ಗಳದ್ದು ಹಾಕಿ ನೋಡ್ದೆ (ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡೇ), ಗದ್ದೆ ಕೆಲಸ ಮಾಡೋರಲ್ಲಿ ಕಾಯಿಲೆ ಇಲ್ಲದಿದ್ರೂ ಅಳತೆ ಮೇಲೇ ಇತ್ತು. ನಮ್ಮ ಕಡೆಗೆ ನಮ್ಮದೇ ಕಟ್‌ಆಫ್ ಬೇಕು ಅನ್ನೋದು ಆ ಒಂದು ಪ್ಲೇಟಲ್ಲಿ ಗೊತ್ತಾಯ್ತು, ಪ್ರಪೋಸಲ್‌ನ ಮೊದಲ ಫಿಗರ್ ಅದೇ.

ಇನ್ನೊಂದು ಎಸ್ಕಾರ್. ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಲ್ಲಿ ಸುಟ್ಟಂಗೆ ಕಪ್ಪು ಹಕ್ಕಳೆ ಇರುತ್ತಲ್ಲ, ನಮ್ಮ ಹುಡುಗ ನೋಡಿದ ಅರವತ್ತು ಚಿಲ್ಲರೆ ಜ್ವರದ ಕೇಸಲ್ಲಿ ಮೂರೋ ನಾಲ್ಕೋ ಸಿಕ್ಕಿತ್ತು, ಎಲ್ಲ ಗಂಡಸರದ್ದೇ. ಪಿಎಚ್‌ಸಿ ಸಿಸ್ಟರ್ ಒಬ್ಬರು ನೇರ ಕೇಳಿದ್ರು, "ರವಿಕೆ ಸಡಿಲ ಮಾಡಿ ಕಂಕುಳು, ಎದೆ ಕೆಳಗೆ ನೋಡದೆ ಹೆಂಗಸರಲ್ಲಿ ಹಕ್ಕಳೆ ಹೆಂಗೆ ಸಿಗುತ್ತೆ ಸಾರ್? ಈ ಹುಡುಗ ಕೇಳಿದ್ರೆ ಯಾರು ತೋರಿಸ್ತಾರೆ, ಇಲ್ಲಿ ಒಂದು ಪರದೆನೂ ಇಲ್ಲ". ಆಮೇಲೆ ಅವರೇ ಒಂದು ವಾರ ಒಳಗಿನ ರೂಮಲ್ಲಿ ನೋಡಿದ್ರು, ಹತ್ತು ಹನ್ನೆರಡು ಹೆಂಗಸರಲ್ಲಿ ನಾಲ್ಕು ಜನರಿಗೆ ಇತ್ತು. ನಾಲ್ಕರ ಹಕ್ಕಳೆನೂ ಪಿಸಿಆರ್ ಪಾಸಿಟಿವ್. ಸಂಖ್ಯೆ ಸಣ್ಣದು, ಗೊತ್ತು. ಆದ್ರೆ 41 ಲಕ್ಷ ಬಂದಿದ್ದು ಆ ನಾಲ್ಕರ ಮೇಲೆ.

ಈಗ ಬರೆದ ರೀತಿ ಹೇಳ್ತೀನಿ. ನಾವೆಲ್ಲ ಮೊದಲು ಇಂಟ್ರೊಡಕ್ಷನ್, ರೆಫರೆನ್ಸ್, ಆಬ್ಜೆಕ್ಟಿವ್ ಬರೆದು ಕೊನೇ ರಾತ್ರಿ ಬಜೆಟ್ ತುಂಬ್ತೀವಿ. ನಾನು ಉಲ್ಟಾ ಮಾಡ್ದೆ. ಮೊದಲು ಒಂದು ದಿನದ ಕೆಲಸ ಕನ್ನಡದಲ್ಲಿ ಒಂದು ಪುಟ ಬರೆದೆ: ಬೆಳಗ್ಗೆ ಎಷ್ಟೊತ್ತಿಗೆ ಯಾರು ಎಲ್ಲಿಂದ ಹೊರಡ್ತಾರೆ, ಯಾರ ಮೈ ನೋಡ್ತಾರೆ, ರಕ್ತ ಯಾರು ತೆಗೀತಾರೆ, ಐಸ್ ಪ್ಯಾಕ್ ಎಲ್ಲಿ ಗಟ್ಟಿ ಆಗುತ್ತೆ, ಸಂಜೆ ವ್ಯಾಕ್ಸಿನ್ ಕ್ಯಾರಿಯರ್ ಯಾವ ಬಸ್ಸಲ್ಲಿ ಬರುತ್ತೆ. ಅದನ್ನ ಒಬ್ಬ ಆಶಾ ಕಾರ್ಯಕರ್ತೆಗೆ ಓದಿ ಹೇಳ್ದೆ. ಮನೆ ಭೇಟಿ 11 ಗಂಟೆಗೆ ಅಂತ ಇತ್ತು. "ಆ ಹೊತ್ತಿಗೆ ಮನೇಲಿ ಯಾರಿರ್ತಾರೆ ಸಾರ್, ಎಲ್ಲ ಗದ್ದೆಲಿರ್ತಾರೆ, ಏಳಕ್ಕೆ ಬನ್ನಿ, ಇಲ್ಲಾಂದ್ರೆ ದೀಪ ಹಚ್ಚೋ ಹೊತ್ತಿಗೆ ಬನ್ನಿ" ಅಂದ್ರು. ಏಳಕ್ಕೆ ಹೋಗ್ಬೇಕು ಅಂದ್ರೆ ಬಸ್ಸಿಲ್ಲ. ಬಸ್ಸಿಲ್ಲ ಅಂದ್ರೆ ಗಾಡಿ ಇರೋ ನರ್ಸ್ ಬೇಕು, ಪೆಟ್ರೋಲ್ ಬೇಕು, ಮಳೆಗಾಲದಲ್ಲಿ ರೇನ್‌ಕೋಟ್ ಬೇಕು. ಹಿಂಗೆ ಬಜೆಟ್ ತಾನಾಗೇ ಆಯ್ತು. ಅದಾದ ಮೇಲೆ ಆಬ್ಜೆಕ್ಟಿವ್ ಬರೆದೆ, ಈ ದುಡ್ಡಲ್ಲಿ ಈ ಜನರಿಂದ ಆಗೋದಷ್ಟೇ. ಐದಿದ್ದಿದ್ದು ಎರಡಾಯ್ತು. "ಕನ್ನಡದಲ್ಲಿ ಬರೆದು ಡೆಲ್ಲಿಗೆ ಕಳಿಸ್ತೀರಾ" ಅಂತ ಸ್ಟಾಫ್ ರೂಮಲ್ಲಿ ಕೇಳಿದವರಿದ್ರು. ಕಳಿಸಿದ್ದು ಇಂಗ್ಲಿಷೇ, ಆದ್ರೆ ಯೋಚನೆ ಮಾಡಿದ್ದು ಕನ್ನಡದಲ್ಲಿ, ಅದಕ್ಕೇ ಅದರಲ್ಲಿ ಸುಳ್ಳು ಉಳೀಲಿಲ್ಲ.

ಬಜೆಟ್ ನೆನಪಿರೋ ಮಟ್ಟಿಗೆ: ಇಬ್ಬರು ಮಹಿಳಾ ಪ್ರಾಜೆಕ್ಟ್ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಎಚ್‌ಆರ್‌ಎ ಸೇರಿ ಮೂರು ವರ್ಷಕ್ಕೆ 24 ಲಕ್ಷದ ಹತ್ತಿರ. ಕಿಟ್ಟು ರೀಏಜೆಂಟು 10 ಲಕ್ಷ. ಟ್ರಾವೆಲ್ 3 ಲಕ್ಷ. ಮಿಕ್ಕಿದ್ದು ಕಂಟಿಂಜೆನ್ಸಿ (ಚಿಲ್ಲರೆ ಖರ್ಚು), ಓವರ್‌ಹೆಡ್ (ಕಾಲೇಜಿನ ಪಾಲು). ಮಡಚೋ ಪರದೆ ಪಿಎಚ್‌ಸಿಗೆ ಎರಡರಂತೆ, ಒಂದಕ್ಕೆ ಮೂರೂವರೆ ಸಾವಿರ, ಅದನ್ನ ಕಂಟಿಂಜೆನ್ಸಿಲಿ ಹಾಕ್ದೆ. ಟ್ರಾವೆಲ್‌ಗೆ ಒಂದು ಟೇಬಲ್ ಮಾಡಿದ್ದೆ, ಆರು ಪಿಎಚ್‌ಸಿಗೂ ಕಿಲೋಮೀಟರ್ ಎಷ್ಟು, ಮೊದಲ ಬಸ್ ಕೊನೇ ಬಸ್ ಎಷ್ಟೊತ್ತಿಗೆ, ಬಸ್ ಇಲ್ಲದ ಹಳ್ಳಿ ಎಷ್ಟು ಅಂತ.

ಇದಕ್ಕೂ ಮುಂಚೆ ಅಕೌಂಟ್ಸ್ ಸೆಕ್ಷನ್ ಸೂಪರಿಂಟೆಂಡೆಂಟ್ ಹತ್ರ ಕೂತು ಪ್ರತಿ ಸಾಲೂ ತೋರಿಸಿದ್ದೆ. ಜಿಎಫ್‌ಆರ್ (ಕೇಂದ್ರ ಸರ್ಕಾರದ ಹಣಕಾಸು ನಿಯಮ) ಅವರಿಗೆ ಬಾಯಿಪಾಠ. ಯಾವುದಕ್ಕೆ ಕೊಟೇಶನ್ ಬೇಡ, ಯಾವುದಕ್ಕೆ ಲೋಕಲ್ ಪರ್ಚೇಸ್ ಕಮಿಟಿ, ಯಾವುದು ಜೆಮ್‌ನಲ್ಲೇ (ಸರ್ಕಾರಿ ಖರೀದಿ ವೆಬ್‌ಸೈಟ್) ತಗೋಬೇಕು ಅಂತ ಅವರು ಪೆನ್ಸಿಲಲ್ಲಿ ಮಾರ್ಕ್ ಮಾಡಿ ಕೊಟ್ರು. ಪ್ರಪೋಸಲ್ ಹಾಕೋಕೆ ಮುಂಚೆ ತಮ್ಮ ಹತ್ರ ಬಂದ ಮೊದಲ ಡಾಕ್ಟರ್ ನೀವೇ ಅಂದ್ರು. ಯುಸಿ (ದುಡ್ಡು ಖರ್ಚಾದ ಬಗ್ಗೆ ಕೊಡೋ ಸರ್ಟಿಫಿಕೇಟ್) ಇವತ್ತಿಗೂ ನನ್ನದು ಏಪ್ರಿಲ್‌ನಲ್ಲೇ ಹೋಗುತ್ತೆ, ಅದಕ್ಕೆ ಕಾರಣ ಅವರು. ಅವರನ್ನ ಹೆಂಗೆ ಒಪ್ಪಿಸಿದೆ ಅನ್ನೋದು ಇಲ್ಲಿ ಬೇಡ.

ಎಥಿಕ್ಸ್ ಹತ್ರ ಒಂದು ಪೆಟ್ಟು ಬಿತ್ತು. ಡಿಎಚ್‌ಆರ್ (ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ) ರಿಜಿಸ್ಟ್ರೇಷನ್ ಇರೋ ಎಥಿಕ್ಸ್ ಕಮಿಟಿನೇ ಆಗ್ಬೇಕು, ನಮ್ಮದರ ಅವಧಿ ಮುಗಿದಿತ್ತು, ಯಾರೂ ನೋಡಿರಲಿಲ್ಲ. ರಿನ್ಯೂ ಆಗೋಕೆ ಮೂರು ತಿಂಗಳು. ನೀವು ಇವತ್ತೇ ನಿಮ್ಮ ಕಾಲೇಜಿನ ಸರ್ಟಿಫಿಕೇಟ್ ತೆಗೆದು ತಾರೀಕು ನೋಡಿ.

2023ರಲ್ಲಿ ಕಾನ್ಸೆಪ್ಟ್ ನೋಟ್ (ಪ್ರಪೋಸಲ್‌ನ ಸಣ್ಣ ರೂಪ) ಹಾಕಿದ್ದು, ಫುಲ್ ಪ್ರಪೋಸಲ್ ಕೇಳಿದ್ರು, ಆಮೇಲೆ ರಿವ್ಯೂವರ್ಸ್ ಪ್ರಶ್ನೆ ಒಂದು ಒಂಬತ್ತೋ ಹತ್ತೋ ಬಂತು. ಅದಕ್ಕೆ ಉತ್ತರ ಬರೆಯೋದ್ರಲ್ಲಿ ನನ್ನದೊಂದು ಕ್ರಮ ಇದೆ, ಅದೂ ನನ್ನ ಹತ್ರನೇ ಇರ್ಲಿ. ಕಮಿಟಿ ಮುಂದೆ ಆನ್‌ಲೈನ್ ಪ್ರೆಸೆಂಟೇಷನ್ ಹತ್ತು ನಿಮಿಷ. ಸೈನ್ಸ್ ಬಗ್ಗೆ ಒಂದೇ ಪ್ರಶ್ನೆ, ಮಿಕ್ಕಿದ್ದೆಲ್ಲ ದುಡ್ಡು. ನರ್ಸ್ ಮಹಿಳೆಯರೇ ಯಾಕೆ ಅಂತ ಒಬ್ಬರು ಕೇಳಿದ್ರು, ನಾನು ಬಾಯಿ ತೆಗೆಯೋಕೆ ಮುಂಚೆ ಇನ್ನೊಬ್ಬ ಮೆಂಬರ್ ನನ್ನ ಪರವಾಗಿ ಎರಡು ನಿಮಿಷ ಮಾತಾಡಿದ್ರು. ಪಿಸಿಆರ್ ಮಷೀನ್ ಬೇಡ್ವಾ ಅಂದಾಗ ನಮ್ಮ ಕೋವಿಡ್ ಲ್ಯಾಬಿನ ಫೋಟೋ, ಪ್ರಿನ್ಸಿಪಾಲರ ಲೆಟರ್ ಎರಡೂ ಸ್ಲೈಡಲ್ಲಿ ಇಟ್ಟಿದ್ದೆ. ಆ ಸ್ಲೈಡ್ ಆದ ಮೇಲೆ ಪ್ರಶ್ನೆಗಳು ನಿಂತೋದ್ವು.

ಇನ್ನು ಟೈಮಿಂಗ್. ದುಡ್ಡು ಯಾವಾಗ ಬರುತ್ತೆ ಅಂತ ಯಾರ ಕೈಲೂ ಇಲ್ಲ, ಸೀಸನ್ ಮಾತ್ರ ಕಾಯಲ್ಲ. ಅದಕ್ಕೆ ಮೊದಲ ಆರು ತಿಂಗಳ ಕೆಲಸ ಅಂತ ರಿಕ್ರೂಟ್‌ಮೆಂಟ್, ಟ್ರೈನಿಂಗ್, ಕಟ್‌ಆಫ್ ಇಷ್ಟೇ ಬರೆದಿದ್ದೆ. ಮೊದಲ ಕಂತು ಜೂನ್ ಕೊನೆಗೆ ಬಂತು, ನರ್ಸ್‌ಗಳು ಬಂದಿದ್ದು ಆಗಸ್ಟಲ್ಲಿ, ಆದ್ರೂ ಲೇಟ್ ಅಂತ ರಿಪೋರ್ಟಲ್ಲಿ ಬರೆಯೋ ಪರಿಸ್ಥಿತಿ ಬರಲಿಲ್ಲ. ಒಬ್ಬ ನರ್ಸ್ ಮೂರೇ ತಿಂಗಳಿಗೆ ಸರ್ಕಾರಿ ಕೆಲಸ ಸಿಕ್ಕಿ ಹೋದ್ರು. ವೇಟಿಂಗ್ ಲಿಸ್ಟಲ್ಲಿ ಇಬ್ಬರನ್ನ ಇಟ್ಕೊಳ್ಳಿ, ಇಲ್ಲಾಂದ್ರೆ ಮತ್ತೆ ನೋಟಿಫಿಕೇಶನ್, ಮತ್ತೆ ಇಂಟರ್‌ವ್ಯೂ, ಒಂದು ಸೀಸನ್ನೇ ಹೋಗುತ್ತೆ.

ಪ್ರಾಜೆಕ್ಟಲ್ಲಿ ಇಲ್ಲದ ಒಂದು ಕೆಲಸನೂ ನಡೀತಿದೆ. ಕೇಸ್ ಬಂದ ಮನೆ ಸುತ್ತ ಇಲಿ ಹಿಡಿದು ಕಿವಿಯೊಳಗೆ ಚಿಗ್ಗರ್ (ಈ ಜ್ವರ ತರೋ ನುಸಿಯ ಮರಿ) ಇದೆಯಾ ನೋಡೋದು (ಅನಿಮಲ್ ಎಥಿಕ್ಸ್ ಒಪ್ಪಿಗೆ ಬೇರೆ ತಗೊಂಡಿದೀನಿ). ಪುಸ್ತಕದಲ್ಲಿದೆ ಅಂತ ಕಡಲೆಕಾಯಿ ಬೆಣ್ಣೆ ಹಚ್ಚಿ ಬೋನು ಇಟ್ವಿ, ಎರಡು ರಾತ್ರಿ ಇಪ್ಪತ್ತು ಬೋನಲ್ಲಿ ಒಂದು ಇಲಿ, ಮಿಕ್ಕಿದ್ದೆಲ್ಲ ಇರುವೆ. ಆ ಮನೆ ಅಜ್ಜಿ ಕೊಬ್ಬರಿ ಚೂರು ಒಲೆಲಿ ಸುಟ್ಟು ಕೊಟ್ರು, ಮಾರನೇ ಬೆಳಗ್ಗೆ ಐದು. ಒಣ ಮೀನೂ ಟ್ರೈ ಮಾಡಿದ್ವಿ, ಬೆಕ್ಕು ಬಂತು. ಇದರ ಖರ್ಚು ನನ್ನದೇ, ತಿಂಗಳಿಗೆ ಎರಡು ಮೂರು ಸಾವಿರ, ಪ್ರಾಜೆಕ್ಟ್ ದುಡ್ಡಿಂದ ಒಂದು ಕೊಬ್ಬರಿ ಗಿಟುಕೂ ತಗೊಂಡಿಲ್ಲ. ಮುಂದಿನ ಪ್ರಪೋಸಲ್‌ಗೆ ಪ್ರಿಲಿಮಿನರಿ ಡೇಟಾ ಇದೇ.

ಎರಡನೇ ಕಂತು ಇನ್ನೂ ಬಂದಿಲ್ಲ, ಎರಡು ತಿಂಗಳ ಸಂಬಳ ಕಾಲೇಜು ಅಡ್ವಾನ್ಸ್ ಕೊಟ್ಟಿದೆ, ಆ ಅಡ್ವಾನ್ಸ್‌ಗೆ ಒಪ್ಪಿಗೆ ಪತ್ರ ಮೊದಲನೇ ದಿನವೇ ಬರೆಸಿಟ್ಕೊಂಡಿದ್ದೆ, ನೀವೂ ಹಾಗೇ ಮಾಡಿ. ಕಿಲೋಮೀಟರ್ ಟೇಬಲ್ ಫಾರ್ಮ್ಯಾಟ್ ಬೇಕು ಅನ್ನೋರಿಗೆ ಕಳಿಸ್ತೀನಿ, ಆ ಕನ್ನಡದ ಒಂದು ಪುಟನೂ ಕೊಡ್ತೀನಿ. ಬಜೆಟ್ ಜಸ್ಟಿಫಿಕೇಶನ್ ಪೂರ್ತಿ ಮಾತ್ರ ಕೇಳಬೇಡಿ, ಇಲಿ ಪ್ರಾಜೆಕ್ಟನ್ನ ಅದರ ಮೇಲೇ ಬರೀತಿದೀನಿ.