ಗಾಲ್ಫ್: ಎದುರುಗಾಳಿಯಲ್ಲಿ ಉದ್ದದ ಹೋಲ್, ಯಾವ ಕ್ಲಬ್ ತೆಗೆಯಬೇಕು?

ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆ ಏಳಕ್ಕೆ ಆಡಿದ ಗಾಲ್ಫ್ ಹೋಲನ್ನೇ (ಮೊದಲ ಹೊಡೆತದಿಂದ ಕುಳಿವರೆಗಿನ ಹಾದಿ) ಮಧ್ಯಾಹ್ನ ಮೂರಕ್ಕೆ ಆಡಿ ನೋಡಿ. ಗಜ ಅಷ್ಟೇ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಅದೇ, ಆದರೆ ಬೆಳಿಗ್ಗೆ ಗ್ರೀನ್ ಮುಟ್ಟಿಸಿದ ಕ್ಲಬ್ (ಚೆಂಡು ಹೊಡೆಯುವ ಕೋಲು) ಈಗ ಗ್ರೀನ್ ಮುಂದಿನ ಮರಳು ಗುಂಡಿ, ಬಂಕರ್‌ಗೇ ಸಾಕಾಗುವುದಿಲ್ಲ. ಬಿಸಿಲೇರಿದಂತೆ ಗಿರಿಯ ಇಳಿಜಾರು ಕಾಯುತ್ತದೆ. ಅಲ್ಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕೆಳಗಿನ ಗಾಳಿ ನುಗ್ಗುತ್ತದೆ. ಮಳೆಗಾಲದಲ್ಲಂತೂ ಪಡುವಣ ಗಾಳಿ ಹೊತ್ತುಗೊತ್ತಿಲ್ಲದೆ ಬೀಸುತ್ತದೆ.

ಇಂಥ ಗಾಳಿಗೆ ಮುಖ ಮಾಡಿ 500 ಗಜದ ಪಾರ್ 5 (ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್) ಆಡಬೇಕಾದಾಗ ಹೊಸಬರು ಸಾಮಾನ್ಯವಾಗಿ ಅದೇ ಕ್ಲಬ್ ಹಿಡಿದು ಇನ್ನಷ್ಟು ಜೋರಾಗಿ ಬೀಸುತ್ತಾರೆ. ಬೇಕಾಗಿರುವುದು ಇದರ ಉಲ್ಟಾ. ದೊಡ್ಡ ಕ್ಲಬ್, ಅಂದರೆ ಇನ್ನೂ ದೂರ ಹೊಡೆಯುವ ಕ್ಲಬ್ ತೆಗೆಯಿರಿ, ಮೆಲ್ಲಗೆ ಹೊಡೆಯಿರಿ. ಎಷ್ಟು ದೊಡ್ಡದು, ಎಷ್ಟು ಮೆಲ್ಲಗೆ ಅನ್ನುವುದೇ ಮುಂದಿನ ಲೆಕ್ಕ.

ಮೊದಲು ನಿಮ್ಮ ಗಜ ಗೊತ್ತಿರಲಿ

ಗಾಳಿಗೆ ಎಷ್ಟು ಕಳೆಯಬೇಕು ಅನ್ನುವ ಮೊದಲು, ಯಾವುದರಿಂದ ಕಳೆಯುತ್ತಿದ್ದೇವೆ ಎಂದು ಗೊತ್ತಿರಬೇಕು ಅಲ್ವಾ? ಗಾಳಿ ಅಲುಗದ ಮುಂಜಾನೆ ಪ್ರಾಕ್ಟೀಸ್‌ಗೆ ಹೋಗಿ. ಪ್ರತಿ ಕ್ಲಬ್‌ನಲ್ಲೂ ಹತ್ತಾರು ಚೆಂಡು ಹೊಡೆದು, ಚೆಂಡು ನೆಲಕ್ಕೆ ಬಿದ್ದ ಜಾಗ ನೋಡಿ. ಉರುಳಿ ನಿಂತ ಜಾಗ ಬೇಡ. ಗಾಳಿ ಆಟವಾಡುವುದು ಚೆಂಡು ಮೇಲಿರುವಾಗ, ಹಾಗಾಗಿ ಕ್ಯಾರಿ (ಚೆಂಡು ಬಿದ್ದ ಜಾಗದವರೆಗಿನ ದೂರ) ಮಾತ್ರ ಬರೆದಿಡಿ. ಒಂದು ಐರನ್‌ಗೂ (ಚಪ್ಪಟೆ ಲೋಹದ ತಲೆಯ, ಅಂಕಿ ಹಾಕಿದ ಕ್ಲಬ್) ಮುಂದಿನದಕ್ಕೂ ಸುಮಾರು 10 ಗಜದ ಅಂತರ ಬರುತ್ತದೆ. ನಿಮ್ಮದು 8 ಇರಬಹುದು, 12 ಇರಬಹುದು. ನಿಮ್ಮ ಲೆಕ್ಕವೇ ನಿಮಗೆ ಸರಿ.

ಘಟ್ಟದ ಕೆಳಗಿನವರಿಗೆ ಇನ್ನೊಂದು ಮಾತು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ 1,000 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು, ಚೆಂಡು ಶೇ 4ರಷ್ಟು ಜಾಸ್ತಿ ದೂರ ಹೋಗುತ್ತದೆ. ಮಂಗಳೂರಿನಲ್ಲಿ 150 ಗಜ ಹೋಗುವ ಕ್ಲಬ್ ಇಲ್ಲಿ 156ರ ಹತ್ತಿರ ಬೀಳುತ್ತದೆ. ಬೆಂಗಳೂರಿನಿಂದ ಬಂದವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಆ ಊರೂ ಸುಮಾರು 900 ಮೀಟರ್ ಎತ್ತರದಲ್ಲಿದೆ.

ಗಾಳಿ ನೋಡಬೇಕಾದ್ದು ಮರದ ತುದಿಯಲ್ಲಿ

ಮಲೆನಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು ಎಂದು ನನ್ನ ನಂಬಿಕೆ. ಬಯಲುಸೀಮೆಯಲ್ಲಿ ಮುಖಕ್ಕೆ ಬಡಿಯುವ ಗಾಳಿಯೇ ಚೆಂಡಿಗೂ ಬಡಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಸುತ್ತ ಮರ, ಪಕ್ಕದಲ್ಲಿ ದಿಬ್ಬ. ನಿಂತಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ. ಆದರೆ ಚೆನ್ನಾಗಿ ಹೊಡೆದ ಚೆಂಡು 25 ಮೀಟರ್ ಮೇಲೇರುತ್ತದೆ. ಅಲ್ಲಿ ಮರೆ ಇಲ್ಲ.

ಹುಲ್ಲು ಕಿತ್ತು ಎದೆ ಮಟ್ಟದಿಂದ ಉದುರಿಸುವುದು ಎಲ್ಲರಿಗೂ ಗೊತ್ತು. ಅದು ದಿಕ್ಕು ಹೇಳುತ್ತದೆ, ಅದೂ ಕೆಳಗಿನ ಗಾಳಿಯ ದಿಕ್ಕು. ಆಮೇಲೆ ತಲೆ ಎತ್ತಿ ಸಿಲ್ವರ್ ಓಕ್ ಮರಗಳ ತುದಿ ನೋಡಿ. ಸಿಲ್ವರ್ ಎಲೆಯ ಮೇಲ್ಮೈ ಕಡು ಹಸಿರು, ಬೆನ್ನು ಬೂದಿ ಬಿಳುಪು. ಗಾಳಿ ಸುಮ್ನೆ ಸುಳಿದಾಡುತ್ತಿದ್ದರೆ ಮರ ಹಸಿರಾಗಿಯೇ ಕಾಣುತ್ತದೆ. ಗಾಳಿ ಜೋರಾದಾಗ ಎಲೆ ಮಗುಚಿಕೊಂಡು ಮರದ ಒಂದು ಮಗ್ಗುಲು ಬೆಳ್ಳಗಾಗುತ್ತದೆ. ಆ ಬಿಳುಪು ಬಂದು ಹೋಗುತ್ತಿದ್ದರೆ ಗಾಳಿ ಬಿಟ್ಟು ಬಿಟ್ಟು ಬೀಸುತ್ತಿದೆ ಎಂದರ್ಥ. ಆಗ ಅರ್ಧ ನಿಮಿಷ ಕಾದು, ಬಿಳುಪು ಇಳಿದಾಗ ಹೊಡೆಯಿರಿ.

ಗ್ರೀನ್ ಮೇಲಿನ ಬಾವುಟವನ್ನು ಪೂರ್ತಿ ನಂಬಬೇಡಿ. ಗ್ರೀನ್ ತಗ್ಗಿನಲ್ಲಿದ್ದರೆ ಗಾಳಿ ಅಲ್ಲಿ ಸುತ್ತಿ ಬರುತ್ತದೆ, ಬಾವುಟ ಉಲ್ಟಾ ದಿಕ್ಕು ತೋರಿಸುವುದೂ ಉಂಟು.

ನಿಯಮದಲ್ಲೂ ಒಂದು ಗೆರೆ ಇದೆ. ಹುಲ್ಲು ಉದುರಿಸಬಹುದು. ಪೌಡರ್, ಕರ್ಚೀಫು, ರಿಬ್ಬನ್ ಹಾರಿಸಿ ನೋಡುವಂತಿಲ್ಲ. ಮೈದಾನದಲ್ಲಿ ಉಪಕರಣ ಇಟ್ಟು ಗಾಳಿಯ ವೇಗ ಅಳೆಯುವಂತೆಯೂ ಇಲ್ಲ. ಎದುರಾಳಿಯನ್ನು "ಯಾವ ಕ್ಲಬ್ ತಗೊಂಡ್ರಿ?" ಎಂದು ಕೇಳಿದರೂ ಪೆನಾಲ್ಟಿ ಬೀಳುತ್ತದೆ. ನಿಮ್ಮ ಬ್ಯಾಗ್ ಹೊರುವ ಕ್ಯಾಡಿಯನ್ನು ಎಷ್ಟು ಬೇಕಾದರೂ ಕೇಳಿ.

ಎಷ್ಟು ಕ್ಲಬ್ ಏರಿಸಬೇಕು?

ಎಲೆ, ಸಣ್ಣ ಕಡ್ಡಿ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ಎದುರಿನಿಂದ ಬಂದರೆ ಸುಮಾರು ಶೇ 10ರಷ್ಟು ದೂರ ತಿನ್ನುತ್ತದೆ. ಒಂದು ಕ್ಲಬ್ ಏರಿಸಿ. ಸಣ್ಣ ಕೊಂಬೆ ತೂಗಿ, ಧೂಳು, ತರಗೆಲೆ ಎದ್ದರೆ 20ರಿಂದ 28 ಕಿ.ಮೀ. ಶೇ 15 ಹೋಯಿತು, ಎರಡು ಕ್ಲಬ್. ಸಣ್ಣ ಮರಗಳೇ ಬಾಗುತ್ತಿದ್ದರೆ ಶೇ 20 ದಾಟುತ್ತದೆ, ಮೂರು ಕ್ಲಬ್ ಏರಿಸಲು ನಾಚಿಕೆ ಬೇಡ. ಹಿಂಗಾಳಿ ಮಾತ್ರ ಇಷ್ಟು ಧಾರಾಳಿಯಲ್ಲ, ಎದುರುಗಾಳಿ ಕಸಿದುಕೊಂಡದ್ದರ ಅರ್ಧದಷ್ಟನ್ನು ಕೊಟ್ಟೀತು.

ಹಾಗಾದರೆ ಅದೇ ಕ್ಲಬ್‌ನಲ್ಲಿ ಜೋರಾಗಿ ಹೊಡೆದರೇನು? ಗಾಲ್ಫ್ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹಾರುತ್ತದೆ. ಆ ಸ್ಪಿನ್ನೇ ಅದನ್ನು ಮೇಲೆತ್ತುವುದು. ಜೋರಾಗಿ ಬೀಸಿದಷ್ಟೂ ಸ್ಪಿನ್ ಜಾಸ್ತಿ. ಎದುರುಗಾಳಿ ಸೇರಿದರೆ ಎತ್ತುವ ಬಲ ಇನ್ನೂ ಹೆಚ್ಚುತ್ತದೆ. ತೂಕ ನೋಡಿದರೆ ಚೆಂಡು 46 ಗ್ರಾಂ ಸಹ ಇಲ್ಲ. ಮುಂದೆ ಹೋಗಬೇಕಾದದ್ದು ಮೇಲಕ್ಕೇರಿ, ಅಲ್ಲೇ ನಿಂತಂತಾಗಿ, ನೆಟ್ಟಗೆ ಕೆಳಕ್ಕೆ ಬೀಳುತ್ತದೆ. ಪಕ್ಕದ ಸ್ಪಿನ್ ಇದ್ದರೆ ಅದೂ ದೊಡ್ಡದಾಗುತ್ತದೆ. ಗಾಳಿ ಇಲ್ಲದಾಗ ಸ್ವಲ್ಪವೇ ಬಲಕ್ಕೆ ತಿರುಗುತ್ತಿದ್ದ ಚೆಂಡು ಈಗ ಸೀದಾ ಕಾಫಿ ತೋಟದೊಳಕ್ಕೆ.

ಅದಕ್ಕೇ 7 ಐರನ್ ಬದಲು 5 ಐರನ್ (ಅಂಕಿ ಇಳಿದಷ್ಟೂ ದೂರ ಜಾಸ್ತಿ) ತೆಗೆದು ಹೀಗೆ ಮಾಡಿ. ಗ್ರಿಪ್‌ನಲ್ಲಿ ಒಂದು ಇಂಚು ಕೆಳಗೆ ಹಿಡಿಯಿರಿ. ಚೆಂಡನ್ನು ಎಂದಿಗಿಂತ ಒಂದು ಚೆಂಡಿನಷ್ಟು ಹಿಂದಿಡಿ. ಕೈಗಳು ಚೆಂಡಿಗಿಂತ ತುಸು ಮುಂದಿರಲಿ. ಮುಕ್ಕಾಲು ಸ್ವಿಂಗ್ ಸಾಕು, ಹೊಡೆದ ಮೇಲೂ ಕೈಗಳು ಎದೆಯೆತ್ತರಕ್ಕೇ ನಿಲ್ಲಲಿ. ಚೆಂಡು ತಗ್ಗಿನಲ್ಲಿ ಹೋಗುತ್ತದೆ.

ಟೀಯಿಂದ ಗ್ರೀನ್‌ವರೆಗೆ ಒಂದು ಲೆಕ್ಕ

ಗಾಳಿ ಇಲ್ಲದಾಗ ನಿಮ್ಮ ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) 220 ಗಜ, 3 ವುಡ್ (ಅದಕ್ಕಿಂತ ತುಸು ಚಿಕ್ಕದು) 190, ಹೈಬ್ರಿಡ್ (ವುಡ್, ಐರನ್ ಎರಡರ ನಡುವಿನದು) 170 ಎಂದುಕೊಳ್ಳೋಣ. ಹೋಲ್ 500 ಗಜ, ಧೂಳೆಬ್ಬಿಸುವ ಎದುರುಗಾಳಿ. ಶೇ 15 ಕಳೆದರೆ ಡ್ರೈವರ್ 185, 3 ವುಡ್ 160, ಹೈಬ್ರಿಡ್ 145.

ಟೀಯಲ್ಲಿ ಡ್ರೈವರನ್ನೇ ತೆಗೆಯಿರಿ. ಪಟರ್ ಬಿಟ್ಟರೆ ಅದರ ಮುಖ ಎಲ್ಲ ಕ್ಲಬ್‌ಗಿಂತ ನೇರ, ಗಾಳಿಗೆ ಅದೇ ಒಳ್ಳೆಯದು. ಚೆಂಡು ತಗ್ಗಿ ಹೋಗಲಿ ಎಂದು ಚೆಂಡು ಕೂರಿಸುವ ಟೀ ಕಡ್ಡಿಯನ್ನು ತೀರಾ ಕೆಳಗೆ ಚುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಕ್ಲಬ್ ಮೇಲಿಂದ ಚೆಂಡಿನ ಮೇಲೆ ಇಳಿದು ಸ್ಪಿನ್ ಹೆಚ್ಚುತ್ತದೆ, ಬೇಡವಾದದ್ದೇ ಆಗುತ್ತದೆ. ಎಂದಿನ ಎತ್ತರವೇ ಇರಲಿ.

185 ಹೋಯಿತು, 315 ಉಳಿಯಿತು. ಈಗ ಕೈ ತಾನಾಗಿ 3 ವುಡ್ ಕಡೆ ಹೋಗುತ್ತದೆ. ಎರಡು ಸಲ 160 ಅಂದರೆ 320, ಗ್ರೀನ್ ಸಿಕ್ಕಿತು! ಕಾಗದದ ಮೇಲೆ ಸರಿ. ಆದರೆ ನೆಲದ ಮೇಲಿಂದ, ಗಾಳಿಯಲ್ಲಿ, 3 ವುಡ್‌ನಲ್ಲಿ ಎರಡು ಸಲ ಬೆನ್ನುಬೆನ್ನಿಗೆ ನೆಟ್ಟಗೆ ಹೊಡೆಯುವುದು ಒಳ್ಳೆಯ ಆಟಗಾರರಿಗೂ ಕಷ್ಟ. ತಪ್ಪಿ ಚೆಂಡು ತೋಟಕ್ಕೆ ಹೋದರೆ ಹುಡುಕಲು ಸಿಗುವುದು 3 ನಿಮಿಷ. ಸಿಗದಿದ್ದರೆ ಒಂದು ಪೆನಾಲ್ಟಿ, ಜೊತೆಗೆ ಹೊಡೆದ ಜಾಗಕ್ಕೇ ವಾಪಸ್.

ಹೈಬ್ರಿಡ್ ತೆಗೆದರೆ ಪ್ರತಿ ಹೊಡೆತಕ್ಕೆ ಕಳೆದುಕೊಳ್ಳುವುದು ಬರೀ 15 ಗಜ. ಅದರ ತಲೆ ಚಿಕ್ಕದು, ಒದ್ದೆ ಹುಲ್ಲಿನಲ್ಲೂ ಸಲೀಸಾಗಿ ಹೋಗುತ್ತದೆ. ಒಂದು ಹೈಬ್ರಿಡ್, ಮತ್ತೊಂದು ಹೈಬ್ರಿಡ್: 290. ಗ್ರೀನ್‌ಗೆ 25 ಗಜ ಬಾಕಿ. ಅಲ್ಲಿಂದ ಒಂದು ಚಿಪ್ (ಗ್ರೀನ್‌ಗೆ ಸಣ್ಣ ಹೊಡೆತ), ಒಂದು ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಆದರೆ ಪಾರ್. ಎರಡು ಪಟ್ ಆದರೆ ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚು. ಆ ಗಾಳಿಯಲ್ಲಿ ಬೋಗಿ ಒಳ್ಳೆಯ ಆಟವೇ. ಹೋಲ್ ಏರುಮುಖವಾಗಿದ್ದರೆ ಇನ್ನೂ ಸ್ವಲ್ಪ ಸೇರಿಸಿ, ಗುರಿ ಎಷ್ಟು ಗಜ ಎತ್ತರದಲ್ಲಿದೆಯೋ ಹೆಚ್ಚುಕಡಿಮೆ ಅಷ್ಟೇ ಗಜ.

ಕೊನೆಯ ಚಿಪ್‌ಗೆ ಸ್ಯಾಂಡ್ ವೆಜ್ ಹಿಡಿದು ಚೆಂಡನ್ನು ಮೇಲೆತ್ತಬೇಡಿ, ಇಷ್ಟು ಹೊತ್ತು ತಪ್ಪಿಸಿಕೊಂಡ ಗಾಳಿಗೆ ಮತ್ತೆ ಒಪ್ಪಿಸಿದಂತಾಗುತ್ತದೆ. ಬೇಸಿಗೆಯಲ್ಲಿ ನೆಲ ಗಟ್ಟಿಯಿದ್ದಾಗ 8 ಐರನ್‌ನಲ್ಲಿ ಗ್ರೀನ್ ಅಂಚಿಗೆ ಬೀಳಿಸಿ ಉರುಳಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ನೆನೆದು ಚೆಂಡು ಬಿದ್ದಲ್ಲೇ ಕೂರುತ್ತದೆ. ಆಗ ಪಿಚಿಂಗ್ ವೆಜ್ ಹಿಡಿದು, ಚೆಂಡನ್ನು ತಗ್ಗಿನಲ್ಲೇ ಇಟ್ಟು, ಕುಳಿಯ ಹತ್ತಿರಕ್ಕೇ ಇಳಿಸಿ.