ತಲೆಸ್ನಾನದ ದಿನ ಉದ್ದ ಕೂದಲ ಸಿಕ್ಕು ಬಿಡಿಸೋದು ಹೇಗೆ

ನೀರು ಹಾಕ್ಕೊಳ್ಳೋಕೆ ಮುಂಚೆನೇ ಬೆರಳಲ್ಲಿ ದೊಡ್ಡ ದೊಡ್ಡ ಸಿಕ್ಕು ಬಿಡಿಸ್ಕೊಳ್ಳಿ, ಇಲ್ಲಾಂದ್ರೆ ಒದ್ದೆಯಾದ್ಮೇಲೆ ಗಂಟು ಇನ್ನೂ ಬಿಗಿಯಾಗುತ್ತೆ. ಶಾಂಪೂ ಬುಡಕ್ಕೆ ಮಾತ್ರ, ಕೂದಲನ್ನೆಲ್ಲಾ ನೆತ್ತಿ ಮೇಲೆ ಗುಡ್ಡೆ ಹಾಕ್ಕೊಂಡು ಉಜ್ಜಲೇಬೇಡಿ ಪ್ಲೀಸ್. ಆಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಅದು ಕೂದಲಲ್ಲಿ ಇರೋವಾಗ್ಲೇ ನಾಲ್ಕು ಭಾಗ ಮಾಡ್ಕೊಂಡು ಅಗಲ ಹಲ್ಲಿನ ಬಾಚಣಿಗೆಲಿ ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪನೇ ಮೇಲಕ್ಕೆ ಹೋಗಿ. ಗಂಟು ಸಿಕ್ತಾ, ಅದರ ಮೇಲ್ಗಡೆ ಕೂದಲನ್ನ ಬಿಗಿಯಾಗಿ ಹಿಡ್ಕೊಳ್ಳಿ, ಆಗ ಬುಡ ಜಗ್ಗಲ್ಲ, ಇನ್ನೊಂದು ಕೈಯಲ್ಲಿ ಗಂಟನ್ನ ಅಗಲಿಸ್ತಾ ಒಂದೊಂದೇ ಎಳೆ ಈಚೆ ತೆಗೀರಿ. ಒದ್ದೆ ಕೂದ್ಲು ಜಾಸ್ತಿ ಹಿಗ್ಗುತ್ತೆ, ಬೇಗ ತುಂಡಾಗುತ್ತೆ, ಅದಕ್ಕೇ ಅವಸರ ಬೇಡ. ನೇರ ಕೂದಲಿನೋರು ಅರ್ಧ ಒಣಗಿದ್ಮೇಲೆ ಬಾಚಿದ್ರೂ ನಡಿಯುತ್ತೆ, ಗುಂಗುರು ಕೂದಲಿನೋರು ಮಾತ್ರ ಕಂಡೀಷನರ್ ತೊಳೆಯೋಕೆ ಮುಂಚೆನೇ ಮುಗಿಸ್ಬಿಡಿ. ಟವೆಲಲ್ಲಿ ಗಸಗಸ ಉಜ್ಜಬೇಡಿ, ಹಳೇ ಕಾಟನ್ ಟೀ ಶರ್ಟಲ್ಲಿ ಒತ್ತಿ ನೀರು ತೆಗೀರಿ.